ಮೊದಲು ಸೀಟು, ಆಮೇಲೆ ಚಕ್ರ

ಹೋದ ತಿಂಗಳು ಇದೇ ಕಾಲಮ್ಮಲ್ಲಿ ಒಬ್ರು "ಸಿಪಿ ಮಗೂಗೆ ಒಳ್ಳೇ ಸ್ಟ್ರೋಲರ್ ಯಾವ್ದು, ಒಂದು ಹೆಸರು ಹೇಳಿ ಸಾಕು" ಅಂತ ಕೇಳಿದ್ರು (ಸಿಪಿ ಅಂದ್ರೆ ಸೆರೆಬ್ರಲ್ ಪಾಲ್ಸಿ, ಮೆದುಳಿಗೆ ಪೆಟ್ಟಾಗಿ ಮೈಕೈ ಹಿಡಿತಕ್ಕೆ ಬರದೆ ಇರೋದು). ಮಗು ನೋಡದೆ ಹೆಸರು ಹೇಳಲ್ಲ ಅಂತ ಎರಡೇ ಸಾಲಲ್ಲಿ ಮುಗಿಸ್ಬಿಟ್ಟಿದ್ದೆ. ಅದಕ್ಕೆ ಬೈಗುಳ ಸಮೇತ ಕಾಗದ, ವಾಟ್ಸಾಪ್ ಮೆಸೇಜು, ಎರಡು ವಾಯ್ಸ್ ನೋಟು ಬಂದಿವೆ. "ಡಾಕ್ಟ್ರೂ ಹೀಗೇ ಅಂತಾರೆ, ನೀವೂ ಹೀಗಂದ್ರೆ ನಾವು ಇನ್ಯಾರನ್ನ ಕೇಳೋದು" ಅಂತ ಒಬ್ರು. ಸರಿ, ತಪ್ಪಾಯ್ತು. ಈ ಸಲ ಪೂರ್ತಿ ಗಾಡಿ ವಿಷ್ಯಾನೇ. ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟು, ಗಾಡಿ ಮಾರೋಳಲ್ಲ, ಹಾಗಾಗಿ ಬ್ರಾಂಡ್ ಹೆಸರು ಈಗ್ಲೂ ಕಮ್ಮಿನೇ ಇರತ್ತೆ, ಬೇಜಾರಾಗ್ಬೇಡಿ.

ಪ್ರಶ್ನೆ: ಮೇಡಂ, ನಮ್ದು ಅರಸೀಕೆರೆ ಹತ್ರ ಹಳ್ಳಿ. ಮಗನಿಗೆ ಐದು ವರ್ಷ ತುಂಬ್ತು, ಸಿಪಿ ಅಂದಿದಾರೆ. ಕತ್ತು ಅರ್ಧಂಬರ್ಧ ನಿಲ್ಲತ್ತೆ, ಕೂರಿಸಿದ್ರೆ ಪಕ್ಕಕ್ಕೆ ವಾಲ್ತಾನೆ, ಕಾಲು ಕತ್ರಿ ಥರ ಹೆಣ್ಕೊಳತ್ತೆ. 13 ಕೆಜಿ ಇದಾನೆ. ಇಷ್ಟು ದಿನ ಸೊಂಟದ ಮೇಲೇ ಹೊತ್ಕೊಂಡು ಥೆರಪಿಗೆ ಹಾಸನಕ್ಕೆ ಬಸ್ಸಲ್ಲಿ ಓಡಾಡಿದೀನಿ, ಈಗ ನನ್ನ ಬೆನ್ನೇ ಹೋಗಿದೆ. ಮೈದುನ ಬೆಂಗಳೂರಲ್ಲಿದಾನೆ, ಆನ್‌ಲೈನಲ್ಲಿ ಆರು ಸಾವಿರಕ್ಕೆ ಛತ್ರಿ ಥರ ಮಡಚೋ ಬೇಬಿ ಸ್ಟ್ರೋಲರ್ ಬರತ್ತೆ ಅತ್ಗೆ, ಬುಕ್ ಮಾಡ್ಲಾ ಅಂತಾನೆ. ಮಾಡ್ಸ್ಲಾ?

ಉತ್ತರ: ಬೇಡಮ್ಮ, ಮೈದುನಂಗೆ ಸ್ವಲ್ಪ ತಡಿಯಪ್ಪ ಅಂತ ಹೇಳಿ. ಆ ಸ್ಟ್ರೋಲರ್ ಕೆಟ್ಟದು ಅಂತಲ್ಲ, ಅದನ್ನ ಮಾಡಿರೋದೇ ತಾನಾಗಿ ಕೂರೋಕೆ ಬರೋ, ಸುಸ್ತಾದಾಗ ನಿದ್ದೆ ಹೋಗೋ ಪುಟ್ಟ ಮಗೂಗೆ. ಒಂದ್ಸಲ ಫ್ರೇಮ್ ಮೇಲಿರೋ ಸ್ಟಿಕ್ಕರ್ ಓದೋಕೆ ಹೇಳಿ, ಹೆಚ್ಚಿನವು 15 ಕೆಜಿಗೇ ನಿಲ್ಸಿರ್ತವೆ, ಸ್ವಲ್ಪ ಗಟ್ಟಿ ಇರೋವು 22 ಕೆಜಿ ತನಕ. ನಿಮ್ಮ ಮಗ ಈಗ್ಲೇ 13. ಇನ್ನೊಂದು ವರ್ಷಕ್ಕೆ ಗಾಡಿ ಮೂಲೆ ಸೇರತ್ತೆ.

ಆದ್ರೆ ತೂಕದ್ದು ಸಣ್ಣ ವಿಷ್ಯ, ದೊಡ್ಡದು ಸೀಟು. ಛತ್ರಿ ಸ್ಟ್ರೋಲರಿನ ಸೀಟು ಅಂದ್ರೆ ಎರಡು ಕಂಬಿ ಮಧ್ಯೆ ಬಿಗಿದ ಬಟ್ಟೆ, ನಮ್ಮ ಜೋಲಿ ಇದ್ದ ಹಾಗೆ. ಜೋಲೀಲಿ ದೊಡ್ಡವರೇ ಕೂತು ನೋಡಿ, ಕುಂಡಿ ಮುಂದಕ್ಕೆ ಜಾರತ್ತೆ, ಬೆನ್ನು ಬಿಲ್ಲಾಗತ್ತೆ, ಎರಡು ಮಂಡಿ ಬಂದು ಒಂದಕ್ಕೊಂದು ತಾಗ್ತವೆ, ಗಲ್ಲ ಎದೆ ಮೇಲೆ ಬರತ್ತೆ. ನಮಗಾದ್ರೆ ನೋವಾದ ತಕ್ಷಣ ಎದ್ದು ಸರಿ ಮಾಡ್ಕೋತೀವಿ, ನಿಮ್ಮ ಮಗನಿಗೆ ಅದು ಬರಲ್ಲ, ಹೆಂಗೆ ಕೂರಿಸ್ತೀರೋ ಹಂಗೇ ಎರಡು ಗಂಟೆ ಇರ್ತಾನೆ. ಮೊದ್ಲೇ ಕಾಲು ಹೆಣ್ಕೊಳೋ ಮಗೂನ ಮಂಡಿ ಕೂಡ್ಸೋ ಸೀಟಲ್ಲಿ ಹಾಕಿದ್ರೆ ಏನಾಗತ್ತೆ ನೀವೇ ಯೋಚ್ನೆ ಮಾಡಿ. ಸಿಪಿ ಇರೋ ಮಕ್ಕಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ತೊಡೆ ಮೂಳೆಯ ಗುಂಡು ಸೊಂಟದ ಗುಳಿಯಿಂದ ನಿಧಾನಕ್ಕೆ ಹೊರಗೆ ಜರುಗತ್ತೆ, ನಡೆಯೋಕೆ ಬಾರದ ಮಕ್ಕಳಲ್ಲಿ ಇನ್ನೂ ಜಾಸ್ತಿ. ಒಳ್ಳೇ ಸೀಟಿದ್ರೆ ಇದು ಬರೋದೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ, ಆದ್ರೆ ಕೆಟ್ಟ ಸೀಟಲ್ಲಿ ದಿನಾ ಕೂರಿಸಿ ಅದಕ್ಕೆ ನಾವೇ ದಾರಿ ಮಾಡ್ಕೊಡೋದು ಬೇಡ. (ಮಧ್ಯೆ ಒಂದು ಮಾತು, ಸೊಂಟದ ಎಕ್ಸ್‌ರೇ ಯಾವಾಗ ತೆಗೆಸಿದ್ರಿ? ನೆನಪಿಲ್ಲ ಅಂದ್ರೆ ಮುಂದಿನ ಸಲ ಹಾಸನಕ್ಕೆ ಹೋದಾಗ ಮೂಳೆ ಡಾಕ್ಟ್ರನ್ನ ಕೇಳಿ ತೆಗೆಸಿ. ಮೊದಮೊದಲು ಇದು ನೋವೂ ಕೊಡಲ್ಲ, ಹೊರಗೆ ಕಾಣೋದೂ ಇಲ್ಲ.)

ಈಗ ಮನೇಲೇ ಒಂದು ಕೆಲ್ಸ ಮಾಡಿ. ಒಂದು ಗಟ್ಟಿ ಸ್ಟೂಲು ಅಥವಾ ಬೆಂಚಿನ ಮೇಲೆ ಮಗನ್ನ ಕೂರಿಸಿ, ಕಾಲು ತೂಗಾಡದ ಹಾಗೆ ಪಾದದ ಕೆಳಗೆ ಮಣೇನೋ ಪುಸ್ತಕಾನೋ ಇಡಿ. ನೀವು ಹಿಂದಿನಿಂದ ಅವನ ಸೊಂಟದ ಎರಡೂ ಪಕ್ಕ ಕೈ ಇಟ್ಟು ಗಟ್ಟಿಯಾಗಿ, ಸಮವಾಗಿ ಹಿಡ್ಕೊಳ್ಳಿ. ಬರೀ ಸೊಂಟ. ಕತ್ತಿಗೆ ಏನಾಯ್ತು ನೋಡಿ. ಎಷ್ಟೋ ಮಕ್ಕಳಲ್ಲಿ ಸೊಂಟ ನಿಂತ ತಕ್ಷಣ ಬೆನ್ನು ಏಳತ್ತೆ, ಕತ್ತು ತಾನಾಗಿ ಸ್ವಲ್ಪ ಮೇಲೆ ಬರತ್ತೆ, ಅಮ್ಮಂದ್ರು "ಅಯ್ಯೋ ಇವನು ನೋಡ್ತಾ ಇದಾನೆ" ಅಂತಾರೆ. ಅಷ್ಟಕ್ಕೂ ಆಗ್ಲಿಲ್ಲ ಅಂದ್ರೆ ಇನ್ನೊಬ್ಬರು ಪಕ್ಕೆ ಎರಡೂ ಕಡೆ ಅಂಗೈ ಕೊಡ್ಲಿ. ಆಮೇಲೆ ತಲೆ ಹಿಂದೆ. ಎಲ್ಲೆಲ್ಲಿ ಕೈ ಬೇಕಾಯ್ತೋ ಅಲ್ಲಲ್ಲಿ ಗಾಡೀಲಿ ಸಪೋರ್ಟ್ ಇರ್ಬೇಕು, ಎಲ್ಲಿ ಬೇಕಾಗ್ಲಿಲ್ವೋ ಅಲ್ಲಿ ಬೇಡ. ಅಂಗಡಿಯವನು ತೋರ್ಸೋ ಕ್ಯಾಟಲಾಗ್‌ಗಿಂತ ನಿಮ್ಮ ಕೈಗೆ ಗೊತ್ತಾಗಿದ್ದೇ ನಿಜ, ಇದನ್ನ ಬರ್ಕೊಂಡು ಥೆರಪಿಸ್ಟ್ ಹತ್ರ ಹೋಗಿ.

ಅಳತೆಗೆ ಟೈಲರ್ ಟೇಪ್ ಸಾಕು. ಹಂಗೇ ಕೂರ್ಸಿರೋವಾಗ ಸೊಂಟದ ಅಗಲ ತಗೊಳ್ಳಿ, ಎಲ್ಲಿ ಹೆಚ್ಚು ಅಗಲ ಇದೆಯೋ ಅಲ್ಲಿ. ಕುಂಡಿ ಹಿಂಭಾಗದಿಂದ ಮಂಡಿಯ ಹಿಂದಿನ ಮಡಿಕೆ ತನಕ ಅಳೆದು ಅದರಲ್ಲಿ 3ರಿಂದ 6 ಸೆಂಟಿಮೀಟರ್ ಕಳೀರಿ, ಅದು ಸೀಟಿನ ಉದ್ದ. ಪೂರ್ತಿ ಉದ್ದ ಇಟ್ರೆ ಸೀಟಿನ ಅಂಚು ಮಂಡಿ ಹಿಂದೆ ಒತ್ತಿ ಮಗು ಮುಂದಕ್ಕೆ ಜಾರತ್ತೆ. ಮಂಡಿಯಿಂದ ಹಿಮ್ಮಡಿ ತನಕ ಅಳೆಯುವಾಗ ಕಾಲಿಗೆ ಸ್ಪ್ಲಿಂಟು (ಪಾದ ನೆಟ್ಟಗಿಡೋ ಪಟ್ಟಿ) ಹಾಕೋದಿದ್ರೆ ಹಾಕ್ಕೊಂಡೇ ಅಳೀರಿ. ಸೀಟಿಂದ ಕಂಕುಳು, ಹೆಗಲು, ನೆತ್ತಿ, ಈ ಮೂರೂ ಬೇಕು. ಮತ್ತೆ ನಾವು ಸ್ಕೂಲ್ ಯೂನಿಫಾರ್ಮ್ ತಗೊಳೋ ಹಾಗೆ ಬೆಳೀತಾನೆ ಅಂತ ಒಂದು ಸೈಜ್ ದೊಡ್ಡದು ತಗೋಬೇಡಿ. ಅಗಲದಲ್ಲಿ ಆ ಕಡೆ ಒಂದು ಬೆರಳು ಈ ಕಡೆ ಒಂದು ಬೆರಳು ಜಾಗ ಸಾಕು. ಬೆಳೆಯೋದಕ್ಕೆ ಸೀಟಿನ ಉದ್ದಾನೂ ಫುಟ್‌ರೆಸ್ಟೂ ಅಡ್ಜಸ್ಟ್ ಆಗೋ ಗಾಡಿ ಹುಡುಕಿ, ಅದೇ ನಿಜವಾದ ಉಳಿತಾಯ.

ನೀವು ಬರೆದಿರೋದು ನೋಡಿದ್ರೆ ಅವನಿಗೆ ಬೇಕಾಗಿರೋದು ಹಲಗೆ ಥರ ಗಟ್ಟಿ ಸೀಟು, ಗಟ್ಟಿ ಬೆನ್ನು, ಪಕ್ಕೆಗೆ ಎರಡು ಪ್ಯಾಡು, ಹೆಡ್‌ರೆಸ್ಟು, ತೊಡೆ ಮಧ್ಯೆ ಮಂಡಿ ಹತ್ರ ಒಂದು ದಿಂಡು, ಪಾದ ಪೂರ್ತಿ ಊರೋ ಫುಟ್‌ರೆಸ್ಟು. ಎಲ್ಲಕ್ಕಿಂತ ಮೊದಲು ಸೊಂಟದ ಬೆಲ್ಟು. ಇದು ಹೊಟ್ಟೆ ಮೇಲೆ ಬರಬಾರ್ದು, ತೊಡೆ ಸಂದಿನ ಮೇಲೆ ಓರೆಯಾಗಿ, 45 ಡಿಗ್ರಿ ಅಂತೀವಲ್ಲ ಹಂಗೆ ಕೆಳಕ್ಕೂ ಹಿಂದಕ್ಕೂ ಎಳೆಯೋ ಹಾಗಿರ್ಬೇಕು. ಎದೆ ಬೆಲ್ಟು ಆಮೇಲಿನ ಮಾತು. ಸೊಂಟದ ಬೆಲ್ಟ್ ಸಡ್ಲ ಬಿಟ್ಟು ಎದೆ ಬೆಲ್ಟ್ ಮಾತ್ರ ಬಿಗಿದ್ರೆ ಮಗು ಕೆಳಗೆ ಜಾರಿದಾಗ ಅದೇ ಬೆಲ್ಟು ಕತ್ತಿಗೆ ಬರತ್ತೆ, ಉಸಿರು ಕಟ್ಟತ್ತೆ, ಇದನ್ನ ದಯವಿಟ್ಟು ಮನೇಲಿ ಎಲ್ರಿಗೂ ಹೇಳಿ. ತೊಡೆ ಮಧ್ಯದ ದಿಂಡು ಕಾಲು ಬೇರೆ ಬೇರೆ ಇಡೋಕೆ, ಜಾರೋದು ತಡೆಯೋಕಲ್ಲ. ಮಗು ಜಾರಿ ಬಂದು ಆ ದಿಂಡಿಗೆ ಕೂತಿದೆ ಅಂದ್ರೆ ಬೆಲ್ಟ್ ಸರಿ ಇಲ್ಲ ಅಂತಲೇ ಅರ್ಥ.

ಹಿಂದಕ್ಕೆ ವಾಲಿಸೋದ್ರಲ್ಲೂ ಎರಡು ಥರ ಇದೆ, ಅಂಗಡೀಲಿ ಎರಡಕ್ಕೂ ಒಂದೇ ಹೆಸರು ಹೇಳ್ತಾರೆ. ಒಂದು ಬರೀ ಬೆನ್ನು ಮಾತ್ರ ಹಿಂದಕ್ಕೆ ಹೋಗೋದು, ರಾತ್ರಿ ಬಸ್ಸಿನ ಸೀಟ್ ಥರ. ಇನ್ನೊಂದು ಸೀಟು ಬೆನ್ನು ಎಲ್ಲಾ ಸೇರಿ ಇಡೀ ಕುರ್ಚಿನೇ ಹಿಂದಕ್ಕೆ ಓರೆಯಾಗೋದು, ಇದಕ್ಕೆ ಟಿಲ್ಟ್ ಅಂತಾರೆ. ಮೈ ಬಿಗಿ ಇರೋ ಮಗೂಗೆ ಬರೀ ಬೆನ್ನು ಇಳಿಸಿದ್ರೆ ಸೊಂಟ ತೆರ್ಕೊಂಡು ಇನ್ನೂ ಸೆಟೆದುಕೊಳ್ಳತ್ತೆ, ಜಾರತ್ತೆ. ಟಿಲ್ಟ್ ಅಲ್ಲಿ ಸೊಂಟ ಮಂಡಿ ಮಡಚಿದ್ದು ಮಡಚಿದಂಗೇ ಇರತ್ತೆ, ತಲೆ ಭಾರ ಮಾತ್ರ ಹಿಂದಕ್ಕೆ ಹೋಗತ್ತೆ. ಕತ್ತು ಸುಸ್ತಾದಾಗ ಹತ್ತು ನಿಮಿಷ ಟಿಲ್ಟ್ ಮಾಡಿ, ಆಮೇಲೆ ನೆಟ್ಟಗೆ ತನ್ನಿ. ಊಟಕ್ಕೆ ಮಾತ್ರ ಯಾವಾಗ್ಲೂ ನೆಟ್ಟಗೆ, ಗಲ್ಲ ಸ್ವಲ್ಪ ಕೆಳಗೆ. ಮಲಗಿಸಿದ ಹಾಗೆ ಇಟ್ಟು ಗಂಜಿ ಹುಯ್ದು ಎಷ್ಟು ಮಕ್ಕಳಿಗೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿದೆಯೋ ನಾನು ಲೆಕ್ಕ ಇಟ್ಟಿಲ್ಲ.

ಇನ್ನು ಬಸ್ಸು. ಇಲ್ಲಿ ನಿಮಗೆ ಸುಳ್ಳು ಸಮಾಧಾನ ಹೇಳಲ್ಲ, ಮೇಲೆ ಹೇಳಿದ್ದೆಲ್ಲ ಇರೋ ಸಿಪಿ ವೀಲ್‌ಚೇರು ಕಬ್ಬಿಣದ್ದಾದ್ರೆ 20 ಕೆಜಿ ಹತ್ರ ತೂಗತ್ತೆ, ಅದನ್ನೂ ಮಗನ್ನೂ ಎತ್ಕೊಂಡು ಕೆಂಪು ಬಸ್ಸಿನ ಮೆಟ್ಲು ಹತ್ತೋದು ಆಗದ ಮಾತು. ಒಂದೇ ಗಾಡೀಲಿ ಎಲ್ಲಾ ಆಗ್ಬೇಕು ಅಂತ ಹಠ ಬೇಡ. ಮನೇಲಿ, ಅಂಗನವಾಡೀಲಿ ದಿನಾ ಕೂರೋಕೆ ಸರಿಯಾದ ಸಿಪಿ ಚೇರ್ ಇರ್ಲಿ, ಅದಕ್ಕೆ ಚಕ್ರ ಸಣ್ಣದಿದ್ರೂ ಪರ್ವಾಗಿಲ್ಲ. ಓಡಾಟಕ್ಕೆ 30 ಕೆಜಿ ಮೇಲೆ ತಡೆಯೋ, ನೀವೊಬ್ರೇ ಎತ್ತೋಕಾಗೋ ಮಡಚೋ ಗಾಡಿ ನೋಡಿ, ಅದರ ಬಟ್ಟೆ ಸೀಟಿನ ಮೇಲೆ ಪ್ಲೈವುಡ್ಡು ಗಟ್ಟಿ ಫೋಮು ಸೇರ್ಸಿ ಅಳತೆಗೆ ಮಾಡಿದ ಇನ್ಸರ್ಟ್ ಕೂರಿಸಿ. ರಟ್ಟಿನ ಪದರ ಅಂಟಿಸಿಯೇ ಗಟ್ಟಿ ಸೀಟು ಮಾಡೋ ವಿಧಾನ ಇದೆ, ಮೈದಾ ಅಂಟು ಹಳೇ ಕಾರ್ಟನ್ ಸಾಕು, ಥೆರಪಿಸ್ಟ್ ಅಳತೆ ಕೊಟ್ರೆ ನಿಮ್ಮೂರ ಬಡಗಿನೇ ಮಾಡ್ತಾನೆ. ಹಳ್ಳಿ ರಸ್ತೆಗೆ ಮುಂದಿನ ಚಕ್ರ ಅಂಗೈಯಷ್ಟು ಸಣ್ಣ ಪ್ಲಾಸ್ಟಿಕ್ಕಿದು ಬೇಡ, ಜಲ್ಲೀಲಿ ಸಿಕ್ಕಿ ಗಾಡಿ ಮುಗ್ಗರಿಸತ್ತೆ, ಏಳೆಂಟು ಇಂಚಿನ ರಬ್ಬರ್ ಚಕ್ರ ನೋಡಿ. ಮೋರಿ, ಹೊಸ್ತಿಲು ದಾಟೋವಾಗ ಗಾಡಿ ತಿರುಗಿಸಿ ಹಿಂದಿನ ಚಕ್ರ ಮೊದಲು ಎಳ್ಕೊಳಿ.

ಎಲ್ಲಿ ಸಿಗತ್ತೆ ಅಂದ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ತೊಂದ್ರೆ ಬೇಗ ಗುರುತಿಸಿ ನೋಡೋಕೆ ಡಿಇಐಸಿ ಅಂತ ವಿಭಾಗ ಮಾಡಿದಾರೆ, 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮದ ಭಾಗ ಅದು, ಮೊದಲು ಅಲ್ಲಿ ವಿಚಾರ್ಸಿ. ಒಂದ್ಸಲ ಬೆಂಗಳೂರಿಗೆ ಬರೋಕಾದ್ರೆ ಜೆಪಿ ನಗರದ ಮೊಬಿಲಿಟಿ ಇಂಡಿಯಾ, ಲಿಂಗರಾಜಪುರದ ಎಪಿಡಿ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ, ಮೂರೂ ಎಷ್ಟೋ ವರ್ಷದಿಂದ ಈ ಮಕ್ಕಳ ಜೊತೆಗೇ ಕೆಲ್ಸ ಮಾಡ್ತಿರೋ ಜಾಗ. ಮೈದುನ ಅಲ್ಲೇ ಇದಾನಲ್ಲ, ಆ ಆರು ಸಾವಿರ ಇಟ್ಕೊಂಡು ಅಪಾಯಿಂಟ್‌ಮೆಂಟ್ ತಗೊಳೋ ಕೆಲ್ಸ ಅವನಿಗೆ ಹಚ್ಚಿ.

ಪ್ರಶ್ನೆ: ನಮ್ಮ ಮಗಳಿಗೆ ಎಂಟು ವರ್ಷ ರೀ, ನಡ್ಯಾಕ ಬರಂಗಿಲ್ಲ. ಹ್ವಾದ ವರ್ಷ ಕ್ಯಾಂಪಿನ್ಯಾಗ ವೀಲ್‌ಚೇರ್ ಕೊಟ್ರು, ಅಕಿ ಅದ್ರಾಗ ಕುಂತ್ರ ಬಾವ್ಯಾಗ ಬಿದ್ದಂಗ ಕಾಣ್ತಾಳ. ಎರಡೂ ಕಡೆ ದಿಂಬು ತುರುಕೇವಿ, ಆದ್ರೂ ವಾಲ್ತಾಳ. ಬ್ಯಾರೇದ್ ಕೊಡ್ರಿ ಅಂದ್ರ ಮೂರು ವರ್ಷ ಆಗೂತನಕ ಇಲ್ಲ ಅಂತಾರ. ಖರೇ ಏನ್ರಿ? (ನವಲಗುಂದ ಕಡೆಯ ತಂದೆಯೊಬ್ಬರು)

ಉತ್ತರ: ದೊಡ್ಡವರಿಗೆ ಖರೇ ರೀ, ನಿಮ್ಮ ಮಗಳಿಗೆ ಅಲ್ಲ. ವಿಕಲಚೇತನರಿಗೆ ಸಲಕರಣೆ ಕೊಡೋ ಕೇಂದ್ರ ಸರ್ಕಾರದ ಎಡಿಐಪಿ ಸ್ಕೀಮ್ 1981ರಿಂದ ಇದೆ, ನೀವು ನೋಡಿರೋ ಕ್ಯಾಂಪುಗಳು ಹೆಚ್ಚಿನವು ಅದರಲ್ಲೇ ಆಗೋದು. ಒಂದ್ಸಲ ಸಲಕರಣೆ ತಗೊಂಡ್ರೆ ಅದೇ ಕಾರಣಕ್ಕೆ ಮತ್ತೆ ಮೂರು ವರ್ಷ ಸಿಗಲ್ಲ ಅನ್ನೋದು ನಿಯಮ, ಆದ್ರೆ 12 ವರ್ಷದ ಒಳಗಿನ ಮಕ್ಕಳಿಗೆ ಆ ಗಡುವು ಒಂದೇ ವರ್ಷ. ಮಕ್ಕಳು ಬೆಳೀತಾರೆ ಅಂತಲೇ ಹಂಗೆ ಇಟ್ಟಿರೋದು. ಇದನ್ನ ಕೌಂಟರಲ್ಲಿ ಕೂತವರಿಗೇ ಎಷ್ಟೋ ಸಲ ನಾವು ಹೇಳ್ಕೊಡ್ಬೇಕಾಗತ್ತೆ, ಜಗಳ ಬೇಡ, ನಿಯಮದ ಪ್ರಿಂಟ್ ತಗೊಂಡು ಹೋಗಿ ಮುಂದಿಡಿ. 2022ರಿಂದ ತಿಂಗಳ ಆದಾಯ 22,500ರ ತನಕ ಇದ್ರೆ ಪೂರ್ತಿ ಉಚಿತ, 30,000ರ ತನಕ ಅರ್ಧ. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಆದಾಯ ಸರ್ಟಿಫಿಕೇಟು, ಫೋಟೋ ರೆಡಿ ಇಟ್ಕೊಳಿ.

ಕ್ಯಾಂಪಲ್ಲಿ ಎರಡು ದಿನ ಇರತ್ತೆ ನೋಡಿ, ಅಳತೆ ತಗೊಳೋ ದಿನ ಒಂದು, ಹಂಚೋ ದಿನ ಇನ್ನೊಂದು. ನಮ್ಮ ಜನ ಹಂಚೋ ದಿನ ತಪ್ಪದೆ ಹೋಗ್ತಾರೆ, ಅಳತೆ ದಿನ ಮಗೂನ ಮನೇಲೇ ಬಿಟ್ಟು ಕಾಗದ ಮಾತ್ರ ಒಯ್ತಾರೆ. ಹಂಗ್ ಮಾಡ್ಬೇಡ್ರಿ. ಮಗಳನ್ನ ಕರ್ಕೊಂಡೇ ಹೋಗಿ, ಫಾರ್ಮಲ್ಲಿ ಬರೀ ವೀಲ್‌ಚೇರ್ ಅಂತ ಬರೆದ್ರೆ ಒಪ್ಬೇಡಿ, ಮಕ್ಕಳ ಸೈಜು ಅಂತ, ಸಿಪಿ ಇದ್ರೆ ಸಿಪಿ ಚೇರ್ ಅಂತ ಬರೆಸಿ, ಕಾನ್ಪುರದ ಅಲಿಮ್ಕೋ ಅನ್ನೋ ಸರ್ಕಾರಿ ಕಂಪ್ನಿ ಎರಡೂ ಮಾಡತ್ತೆ. ದೊಡ್ಡವರ ವೀಲ್‌ಚೇರ್ ಸೀಟು ಸಾಮಾನ್ಯವಾಗಿ 18 ಇಂಚು ಅಗಲ, ಎಂಟು ವರ್ಷದ ಹುಡುಗಿ ಸೊಂಟ ಹತ್ತು ಹನ್ನೊಂದು ಇಂಚು, ಬಾವೀನೇ ಸೈ. ನಾನೂ ಒಂದು ಕಡೆ ನೋಡಿದೀನಿ, ಲಾರಿಯಿಂದ ಇಳಿಸಿದ್ದೆಲ್ಲ ಒಂದೇ ಸೈಜು, ಮೂರು ವರ್ಷದ ಕೂಸಿಗೂ ಅದೇ, ಅರವತ್ತರ ಅಜ್ಜನಿಗೂ ಅದೇ, ವೇದಿಕೆ ಮೇಲೆ ಹಾರ ಫೋಟೋ ಎಲ್ಲಾ ಆಗಿ ಹೋಯ್ತು. ನಾನು ಆವಾಗ ಮಾತಾಡ್ಲಿಲ್ಲ, ಈಗ್ಲೂ ಅದು ಚುಚ್ಚತ್ತೆ.

ಮಗಳು ಶಾಲೆಗೆ ಹೆಸರು ಹಚ್ಚಿದ್ರೆ ಇನ್ನೊಂದು ದಾರಿ ಇದೆ. ಶಿಕ್ಷಣ ಇಲಾಖೆಯ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಆಫೀಸಲ್ಲಿ ಬಿಐಇಆರ್‌ಟಿ ಅಂತ ಟೀಚರ್ ಇರ್ತಾರೆ, ವಿಶೇಷ ಅಗತ್ಯ ಇರೋ ಮಕ್ಕಳಿಗೇ ನೇಮಿಸಿರೋವ್ರು, ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಶಾಲಾ ಯೋಜನೆ ಕಡೆಯಿಂದ ಆಗೋ ಅಳತೆ ಕ್ಯಾಂಪಿಗೆ ಹೆಸರು ಸೇರ್ಸೋದು ಅವರೇ. ವಿಕಲಚೇತನರ ಕೆಲ್ಸಕ್ಕೇ ಅಂತ ಪಂಚಾಯ್ತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲೂಕಲ್ಲಿ ಎಂಆರ್‌ಡಬ್ಲ್ಯೂ ಅನ್ನೋ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವರ ಫೋನ್ ನಂಬರ್ ನಿಮ್ಮ ಹತ್ರ ಇಲ್ಲ ಅಂದ್ರೆ ಇವತ್ತೇ ಪಂಚಾಯ್ತಿಗೆ ಹೋಗಿ ತಗೊಳ್ಳಿ. ಗ್ರಾಮ ಪಂಚಾಯ್ತಿ ದುಡ್ಡಲ್ಲಿ ವಿಕಲಚೇತನರಿಗೆ ಅಂತ ಎತ್ತಿಡೋ ಪಾಲು ಇರತ್ತೆ, ಗ್ರಾಮಸಭೇಲಿ ಎದ್ದು ನಿಂತು ಕೇಳ್ಬೋದು.

ಹೊಸದು ಬರೋ ತನಕ ದಿಂಬು ತೆಗೀರಿ. ದಿಂಬು ಮೆತ್ತಗೆ, ಅರ್ಧ ಗಂಟೆಗೆ ಚಪ್ಪಟೆ ಆಗತ್ತೆ. ಹಾಸಿಗೆ ಕುಶನ್ ಅಂಗಡೀಲಿ ಗಟ್ಟಿ ಫೋಮ್ ಸಿಗತ್ತೆ, ಎರಡೂ ಪಕ್ಕಕ್ಕೆ ಅಳತೆ ಕೊಟ್ಟು ಕತ್ತರಿಸಿ ರೆಕ್ಸಿನ್ ಹೊಲಿಸಿ, ಕೂರೋ ಜಾಗಕ್ಕೆ ಬಟ್ಟೆ ಮೇಲೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಫೋಮು. ಪಾದಕ್ಕೆ ಫುಟ್‌ರೆಸ್ಟ್ ಮೇಲೆ ಮಣೆ ಕಟ್ಟಿ.

ಪ್ರಶ್ನೆ: ಬೆಂಗಳೂರು, ಐಟಿ ಕೆಲ್ಸ. ಮಗಳಿಗೆ ಏಳು ವರ್ಷ, 18 ಕೆಜಿ, ಸ್ವಂತವಾಗಿ ಕೂರಲ್ಲ, ಆಗಾಗ ಫಿಟ್ಸ್ ಬರತ್ತೆ. ನನ್ನ ಹೆಂಡತಿ ಅಕ್ಕ ಅಮೆರಿಕದಲ್ಲಿದಾರೆ, ಅಲ್ಲಿಂದ ಕಾನ್ವೇಯ್ಡ್ (ಇಂಥ ಮಕ್ಕಳಿಗೇ ಅಂತ ಮಾಡೋ ಸ್ಟ್ರೋಲರ್ ಬ್ರಾಂಡು) ಥರದ್ದು ತರಿಸೋಣ ಅಂತ ಪ್ಲಾನು. ಇಲ್ಲಿ ಲಕ್ಷದ ಮೇಲೆ ಹೇಳ್ತಾರೆ. ವರ್ತ್ ಇದೆಯಾ? ಕಾರು ಸಿಎನ್‌ಜಿ ಹ್ಯಾಚ್‌ಬ್ಯಾಕ್.

ಉತ್ತರ: ಗಾಡಿ ಚೆನ್ನಾಗೇ ಇರತ್ತೆ, ಮಡಚೋದು ಸುಲಭ, ಬೆಲ್ಟು ಪ್ಯಾಡು ಎಲ್ಲಾ ಯೋಚ್ನೆ ಮಾಡಿ ಇಟ್ಟಿರ್ತಾರೆ. ಆದ್ರೆ ಆರ್ಡರ್ ಒತ್ತೋಕೆ ಮುಂಚೆ ಕೆಳಗೆ ಪಾರ್ಕಿಂಗಿಗೆ ಹೋಗಿ ಡಿಕ್ಕಿ ಅಳೀರಿ. ಸಿಲಿಂಡರ್ ಕೂತ ಮೇಲೆ ಉಳಿಯೋ ಜಾಗದಲ್ಲಿ ಮಡಚಿದ ಗಾಡಿ ಹೋಗತ್ತಾ? ಹೋಗಲ್ಲ ಅಂದ್ರೆ ಹಿಂದಿನ ಸೀಟಿಗೆ ಬರತ್ತೆ, ಆಮೇಲೆ ಮಗಳ ಜೊತೆ ಅಮ್ಮ ಎಲ್ಲಿ ಕೂರೋದು? ಇದೊಂದೇ ಕಾರಣಕ್ಕೆ ಬಾಲ್ಕನೀಲಿ ಬಟ್ಟೆ ಒಣಗ್ಸೋಕೆ ಬಳಕೆ ಆಗ್ತಿರೋ ದುಬಾರಿ ಗಾಡಿ ಎರಡು ನಾನೇ ನೋಡಿದೀನಿ.

ಮಾಡೆಲ್ ಸರಿಯಾಗಿ ನೋಡಿ. ಕಾನ್ವೇಯ್ಡ್‌ದೇ ಕ್ರೂಸರ್ ಅನ್ನೋದ್ರಲ್ಲಿ ಸೀಟು 30 ಡಿಗ್ರಿ ಹಿಂದಕ್ಕೆ ಫಿಕ್ಸ್ ಆಗಿರತ್ತೆ, ಇಝೀ ರೈಡರ್‌ದು 10 ಡಿಗ್ರಿ. ಕತ್ತು ನಿಲ್ಲದ ಮಗೂಗೆ 30 ಡಿಗ್ರಿ ಆರಾಮ ಅನ್ಸತ್ತೆ, ಆದ್ರೆ ನೆಟ್ಟಗೆ ತರೋಕಾಗಲ್ಲ, ಊಟಕ್ಕೆ, ಟೇಬಲ್ ಮುಂದೆ ಕೂರೋಕೆ ಕಷ್ಟ. ಇಡೀ ದಿನ ಅದರಲ್ಲೇ ಇರೋ ಮಗು ಫ್ಯಾನೇ ನೋಡ್ತಿರತ್ತೆ, ಮನುಷ್ಯರ ಮುಖ ನೋಡಲ್ಲ. ಫಿಟ್ಸ್ ಬರೋ ಮಗು ಅಂದ್ರಲ್ಲ, ತಳ್ಳೋವರ ಕಡೆಗೆ ಮುಖ ತಿರುಗಿಸೋಕಾಗೋ ಸೀಟು ಸಿಕ್ಕಿದ್ರೆ ಅದಕ್ಕೆ ಎರಡು ಕಾಸು ಜಾಸ್ತಿ ಕೊಡಿ. ಫಿಟ್ಸ್ ಶುರುವಾಗಿದ್ದು ಕಾಣತ್ತೆ, ಜೊಲ್ಲು ಗಂಟಲಿಗೆ ಹೋಗ್ತಿದ್ರೆ ಕಾಣತ್ತೆ, ಜೊತೆಗೆ ಮಗಳಿಗೂ ನಿಮ್ಮ ಮುಖ ಕಾಣತ್ತೆ.

ಕಾರಲ್ಲಿ ಓಡ್ಸುವಾಗ ಮಗಳು ಸ್ಟ್ರೋಲರಲ್ಲೇ ಕೂತಿರ್ಲಿ ಅನ್ನೋ ಯೋಚ್ನೆ ಇದ್ರೆ ಬಿಡಿ. ಅಂಥಾ ಪ್ರಯಾಣಕ್ಕೆ ಐಎಸ್‌ಒ 7176-19 ಅನ್ನೋ ಕ್ರ್ಯಾಶ್ ಟೆಸ್ಟ್ ಪಾಸಾದ ಟ್ರಾನ್ಸಿಟ್ ಮಾಡೆಲ್ ಬೇಕು, ಅದನ್ನ ವ್ಯಾನಿನ ನೆಲಕ್ಕೆ ನಾಲ್ಕು ಕಡೆ ಬೆಲ್ಟಲ್ಲಿ ಬಿಗೀಬೇಕು, ಮಗು ಮುಂದಕ್ಕೇ ಮುಖ ಮಾಡಿರ್ಬೇಕು. ಹ್ಯಾಚ್‌ಬ್ಯಾಕಲ್ಲಿ ಅದು ಆಗಲ್ಲ. ಬೇರೆ ಕಾರ್ ಸೀಟೇ ಬೇಕು, ಮತ್ತೆ ದಯವಿಟ್ಟು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಹೋಗ್ಬೇಡಿ.

ವರ್ತ್ ಇದೆಯಾ ಅಂದ್ರಿ. ಅಕ್ಕ ಕೊಡಿಸ್ತಾರೆ, ಡಿಕ್ಕೀಲಿ ಹಿಡಿಸತ್ತೆ, ಇಲ್ಲಿ ಥೆರಪಿಸ್ಟ್ ತಗೊಂಡ ಅಳತೇನೇ ಅಲ್ಲಿ ಆರ್ಡರ್ ಆಗತ್ತೆ ಅಂದ್ರೆ ತರ್ಸಿ. ಚಕ್ರ, ಬ್ರೇಕ್ ವಯರು, ಬಕಲ್ಲು ಒಂದೊಂದು ಸ್ಪೇರ್ ಅವಾಗ್ಲೇ ತರಿಸ್ಕೊಳಿ. ಇಲ್ಲೇ ಸಿಗೋ ಸಿಪಿ ವೀಲ್‌ಚೇರು ಅದರ ಕಾಲು ಭಾಗದ ದುಡ್ಡಿಗೂ ಬರತ್ತೆ, ಭಾರ ಜಾಸ್ತಿ, ನೋಡೋಕೆ ಆಸ್ಪತ್ರೆ ಕಳೆ, ಆದ್ರೆ ಫಿಟ್ಟಿಂಗ್ ಸರಿ ಮಾಡ್ಸಿದ್ರೆ ಮಗು ಬೆನ್ನಿಗೆ ಬೆಲೆ ಗೊತ್ತಾಗಲ್ಲ. ಅಕ್ಕ ಒಬ್ರೇ ಬರುವಾಗ ತಂದ್ರೆ ಏರ್‌ಲೈನ್ ಅದನ್ನ ಲಗೇಜು ಅಂತಲೇ ಲೆಕ್ಕ ಹಾಕ್ಬೋದು. ಮುಂದೆ ಮಗಳ ಜೊತೆ ನೀವೇ ವಿಮಾನದಲ್ಲಿ ಹೋಗುವಾಗ ಇದು ಮಗೂನ ಸಹಾಯಕ ಸಾಧನ ಅಂತ ಹೇಳಿ, ಅದಕ್ಕೆ ದುಡ್ಡು ಕೇಳಂಗಿಲ್ಲ.

ಯಾವ್ದೇ ಗಾಡಿ ಆದ್ರೂ ತಗೊಂಡ ಮೇಲೆ ಅರ್ಧ ಗಂಟೆ ಕೂರಿಸಿ, ಇಳಿಸಿ, ಬಟ್ಟೆ ಬಿಚ್ಚಿ ಚರ್ಮ ನೋಡಿ. ಕೆಂಪಾಗಿದ್ದು ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೋಗ್ಲಿಲ್ಲ ಅಂದ್ರೆ ಅಲ್ಲಿ ಒತ್ತುತ್ತಿದೆ ಅಂತ.

ಪ್ರಶ್ನೆ: ಶಿರಸಿಯಿಂದ ಅಜ್ಜಿ ಬರೆಯೋದು. ಮೊಮ್ಮಗ ಆರು ವರ್ಷದವ, ವಾಕರ್ ಹಿಡಿದು ಮನೆಯೊಳಗೆ ನಡೀತಾನೆ. ಸೊಸೆ ಗಾಡಿ ತಗೊಳ್ಳೋಣ ಅಂತಾಳೆ. ಗಾಡಿ ಅಭ್ಯಾಸ ಆದ್ರೆ ಬರೋ ನಡಿಗೆನೂ ಬಿಟ್ಟುಬಿಡ್ತಾನಲ್ವೇ? ನಾನು ಬೇಡ ಅಂದಿದ್ದಕ್ಕೆ ಮನೇಲಿ ಮುಖ ಮುಖ ನೋಡದ ಹಾಗಾಗಿದೆ.

ಉತ್ತರ: ಅಜ್ಜಿ, ಈ ಭಯ ನಿಮ್ಮೊಬ್ಬರದ್ದಲ್ಲ, ಡಾಕ್ಟ್ರುಗಳಲ್ಲೂ ಕೆಲವರಿಗೆ ಇದೆ. ಆದ್ರೆ ಸೊಸೆ ಹೇಳ್ತಿರೋದು ಸರಿ. ಸಿಪಿ ಮಕ್ಕಳ ಓಡಾಟಾನ ಐದು ಹಂತ ಮಾಡಿ ನೋಡೋ ಒಂದು ಪದ್ಧತಿ 1997ರಿಂದ ಪ್ರಪಂಚದಲ್ಲೆಲ್ಲ ಬಳಕೇಲಿದೆ, ನಿಮ್ಮ ಮೊಮ್ಮಗ ಅದರಲ್ಲಿ ಮೂರನೇ ಹಂತದ ಹುಡುಗನ ಥರ ಕಾಣ್ತಾನೆ. ಈ ಹಂತದವರು ಮನೇಲಿ ವಾಕರ್, ದೂರಕ್ಕೆ ಚಕ್ರ ಅಂತ ಎರಡೂ ಬಳಸೋದೇ ಸಹಜ. ಮಂಡಿ ಬಗ್ಗಿಸ್ಕೊಂಡು ಆ ಥರ ನಡೆಯೋಕೆ ಬೇರೆ ಮಕ್ಕಳಿಗಿಂತ ಎಷ್ಟೋ ಪಟ್ಟು ಶಕ್ತಿ ಖರ್ಚಾಗತ್ತೆ. ಶಾಲೆ ಗೇಟಿಂದ ಕ್ಲಾಸಿನ ತನಕ ನಡ್ಕೊಂಡೇ ಹೋದ ಅಂತ ನಮಗೆ ಖುಷಿ, ಅವನು ಬೆಂಚಲ್ಲಿ ಕೂತ ಮೇಲೆ ಪೆನ್ಸಿಲ್ ಹಿಡಿಯೋಕೂ ತ್ರಾಣ ಇರಲ್ಲ. ಮಾರಿಕಾಂಬಾ ಜಾತ್ರೇಲಿ ಇವನನ್ನ ಯಾರು ಎತ್ಕೊಂಡು ಸುತ್ತಿಸಿದ್ರು? ಆರು ವರ್ಷದ ಹುಡುಗನಿಗೆ ಅದು ನಾಚಿಕೆ ಅಜ್ಜಿ.

ಒಂದು ತಿದ್ದುಪಡಿ ಸೊಸೆಗೂ ಹೇಳಿ. ಇವನ ಕೈ ಚೆನ್ನಾಗಿದೆ ಅಂದ್ರೆ ಸ್ಟ್ರೋಲರ್ ಬೇಡ, ತಾನೇ ಚಕ್ರ ತಿರುಗಿಸೋ ಹಗುರ ವೀಲ್‌ಚೇರ್ ನೋಡ್ಲಿ. ಸ್ಟ್ರೋಲರಲ್ಲಿ ಕೂತ್ರೆ ಬೇರೆಯವರು ತಳ್ಳಿದ ಕಡೆ ಹೋಗ್ಬೇಕು. ಮಲೆನಾಡ ಏರು ಇಳಿತಕ್ಕೆ ಹಿಂದೆ ಒಂದು ಹಿಡಿಕೆ, ಒಳ್ಳೇ ಬ್ರೇಕು, ಹಿಂದಕ್ಕೆ ಮಗುಚದ ಹಾಗೆ ಪುಟ್ಟ ಚಕ್ರ ಇರ್ಲಿ. ನೀವೇ ಮಾತು ಶುರು ಮಾಡಿ, ಅಪ್ಪೆಹುಳಿ ಬಡಿಸ್ತಾ ಆದ್ರೂ ಸರಿ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ, ಸ್ಪೈನಾ ಬಿಫಿಡಾ (ಹುಟ್ಟಿನಿಂದಲೇ ಬೆನ್ನುಹುರಿ ತೊಂದ್ರೆ), ಸೊಂಟದ ಕೆಳಗೆ ಶಕ್ತಿ ಇಲ್ಲ, ಬುದ್ಧಿ ಮಾತು ಎಲ್ಲಾ ಚುರುಕು. ಯಾವ ಸ್ಟ್ರೋಲರ್? (ಮಂಗಳೂರು)

ಉತ್ತರ: ಯಾವ್ದೂ ಬೇಡ. ಕೈ ಗಟ್ಟಿ ಇರೋ ಮಗು, ಎರಡು ಮೂರು ವರ್ಷಕ್ಕೇ ಚಕ್ರ ತಿರುಗಿಸೋಕೆ ಕಲೀತವೆ. ಮಕ್ಕಳ ಸೈಜಿನ ಆಕ್ಟಿವ್ ವೀಲ್‌ಚೇರ್ (ಕೂತವರೇ ಓಡಿಸೋ ಹಗುರದ್ದು) ಕೊಡ್ಸಿ, ಮನೆ ಬಾಗ್ಲು ಗುದ್ದಿ ಗುದ್ದಿ ಬಣ್ಣ ಹೋಗ್ಲಿ ಪರ್ವಾಗಿಲ್ಲ. ಅವಳಿಗೆ ಕೂತ ಜಾಗದಲ್ಲಿ ನೋವೇ ಗೊತ್ತಾಗಲ್ಲ ಅನ್ನೋದು ನೆನಪಿರ್ಲಿ, ಹಾಗಾಗಿ ಒಳ್ಳೇ ಕುಶನ್ ಇಲ್ಲದೆ ಒಂದು ದಿನಾನೂ ಕೂರಿಸ್ಬೇಡಿ, ಆಗಾಗ ಕೈ ಊರಿ ಕುಂಡಿ ಎತ್ತೋದು ಆಟದ ಥರ ಕಲಿಸಿ, ರಾತ್ರಿ ಚರ್ಮ ನೋಡಿ. ಈ ಮಕ್ಕಳಲ್ಲಿ ಲೇಟೆಕ್ಸ್ (ನೈಸರ್ಗಿಕ ರಬ್ಬರ್) ಅಲರ್ಜಿ ಹೆಚ್ಚು, ಹಿಡಿಕೆ ಟೈರಲ್ಲಿ ಏನಿದೆ ಅಂತ ಕೇಳಿ ತಗೊಳ್ಳಿ.

ಪ್ರಶ್ನೆ: ಆಟಿಸಂ ಇರೋ ಮಗ, ಆರು ವರ್ಷ, ಚೆನ್ನಾಗಿ ನಡೀತಾನೆ, ಓಡ್ತಾನೆ, ಅದೇ ಸಮಸ್ಯೆ, ಕೈ ಬಿಡಿಸ್ಕೊಂಡು ರೋಡಿಗೆ ಓಡ್ತಾನೆ. ದೊಡ್ಡ ಸ್ಟ್ರೋಲರ್ ತಗೊಂಡ್ರೆ ಜನ "ಇಷ್ಟು ದೊಡ್ಡ ಹುಡುಗನ್ನ ತಳ್ತಾಳೆ" ಅಂತಾರೆ. ಏನ್ ಮಾಡ್ಲಿ ಅಕ್ಕಾ? (ಮೈಸೂರು)

ಉತ್ತರ: ಜನ ದಸರಾ ದೀಪ ನೋಡೋಕೆ ಬಂದಿರ್ತಾರೆ ಕಣಮ್ಮ, ನಿನ್ನ ನೋಡಿ ಎರಡು ನಿಮಿಷಕ್ಕೆ ಮರೀತಾರೆ. ಗಲಾಟೆ ಜಾಗಕ್ಕೆ, ಝೂನಂಥ ದೂರದ ನಡಿಗೆಗೆ ತಗೊಂಡು ಹೋಗು, ನಿನಗೂ ಮನೆಯಿಂದ ಹೊರಗೆ ಬಂದ ಹಾಗಾಗತ್ತೆ. ಮೇಲೆ ಬಟ್ಟೆ ಮರೆ ಇರೋದು ತಗೊ, ಸದ್ದು ಬೆಳಕು ಜಾಸ್ತಿ ಆದಾಗ ಅವನೇ ಒಳಗೆ ಸೇರ್ಕೋತಾನೆ. ಆದ್ರೆ ಹಠ ಮಾಡಿದಾಗ ಕಟ್ಟಿಹಾಕೋ ಕುರ್ಚಿ ಆಗ್ಬಾರ್ದು. ಖಾಲಿ ಪಾರ್ಕಲ್ಲಿ ಇಳಿಸಿ ಕೈ ಹಿಡಿದು ನಡೆಯೋದು ದಿನಾ ಅಭ್ಯಾಸ ಮಾಡ್ಸು, ಜೇಬಲ್ಲಿ ನಿನ್ನ ಫೋನ್ ನಂಬರಿನ ಚೀಟಿ ಇರ್ಲಿ. ಮಾಲಲ್ಲಿ ಸೆಕ್ಯೂರಿಟಿಯವನು ಪ್ರಾಮ್ ಹೊರಗೆ ಬಿಡಿ ಅಂದ್ರೆ ಯುಡಿಐಡಿ ಕಾರ್ಡ್ ತೋರ್ಸು, 2016ರ ಕಾಯ್ದೇಲಿ ಇರೋ 21 ಅಂಗವೈಕಲ್ಯಗಳಲ್ಲಿ ಆಟಿಸಮ್ಮೂ ಇದೆ.

ಪ್ರಶ್ನೆ: ಮಗಳು ಹೋದ ಶ್ರಾವಣದಲ್ಲಿ ತೀರ್ಕೊಂಡ್ಲು, ಒಂಬತ್ತು ವರ್ಷ. ಅವಳ ಗಾಡಿ ಹಾಲಲ್ಲೇ ಇದೆ. ಯಾರಿಗಾದ್ರೂ ಕೊಡೋಣ ಅಂತ ಯಜಮಾನ್ರು. ಹೇಗೆ ಕೊಡ್ಬೇಕು ಗೊತ್ತಾಗ್ತಿಲ್ಲ. (ಊರು ಬರೆದಿಲ್ಲ)

ಉತ್ತರ: ಅವಸರ ಏನಿಲ್ಲಮ್ಮ. ಹಾಲಲ್ಲಿ ಇನ್ನೊಂದು ವರ್ಷ ಇದ್ರೂ ಅದೇನೂ ಹಾಳಾಗಲ್ಲ.

ಕೊಡ್ಬೇಕು ಅನ್ಸಿದ ದಿನ, ನೇರವಾಗಿ ಯಾರ ಮನೆಗೂ ಕೊಡ್ಬೇಡಿ, ಇನ್ನೊಂದು ಮಗೂಗೆ ಅಳತೆ ಸರಿ ಹೋಗ್ದೆ ಇರ್ಬೋದು. ಮಗಳು ಹೋಗ್ತಿದ್ದ ಥೆರಪಿ ಸೆಂಟರಿಗೆ ಕೊಡಿ, ಅವರು ಹೊಂದೋ ಮಗು ನೋಡಿ ಫಿಟ್ ಮಾಡಿ ಕೊಡ್ತಾರೆ. ಒಂದು ಚೀಟೀಲಿ ಸೀಟಿನ ಅಗಲ, ಉದ್ದ, ಎಷ್ಟು ಕೆಜಿ ತಡೆಯತ್ತೆ, ಯಾವ ವರ್ಷ ತಗೊಂಡಿದ್ದು ಇಷ್ಟು ಬರೆದು ಹಿಡಿಕೆಗೆ ಕಟ್ಟಿ. ಬಟ್ಟೆ ಕವರ್ ತೊಳೆದು ಬಿಸಿಲಿಗೆ ಹಾಕಿ, ಬ್ರೇಕು ಬಕಲ್ಲು ಒಂದ್ಸಲ ಯಜಮಾನ್ರು ನೋಡ್ಲಿ. ಕುಶನ್ ಕೊಡ್ಬೇಕಾಗಿಲ್ಲ, ಅದು ಅವಳ ಮೈಗೆ ಒಗ್ಗಿದ್ದು, ಹೊಸ ಮಗೂಗೆ ಹೇಗೂ ಹೊಸದೇ ಮಾಡ್ಸ್ಬೇಕು. ಅದು ನಿಮ್ಮ ಹತ್ರಾನೇ ಇರ್ಲಿ.